ಡಾಲರಿಗೂ ತೇವದ ಕಡಿತ ಉಂಟು: ಒಂದು ಹಡಗು, ನಾಲ್ಕು ರೇಟು

ಒಂದೇ ಪ್ರವಾಸಕ್ಕೆ ನಾನು ಡಾಲರನ್ನು 87 ರೂಪಾಯಿಗೂ ಕೊಂಡೆ, 90 ರೂಪಾಯಿಗೂ ಕೊಂಡೆ. ನನ್ನ ಷಡ್ಡಕರಿಗೆ ಅದೇ ಡಾಲರು ಕೊನೆಗೆ 94 ರೂಪಾಯಿ 70 ಪೈಸೆಗೆ ಬಿತ್ತು. ಹಡಗು ಒಂದೇ. ರೂಮು ಅಕ್ಕಪಕ್ಕ. ತಿಂದದ್ದೂ ಹೆಚ್ಚುಕಡಿಮೆ ಒಂದೇ, ಅವರದ್ದು ಐಸ್‌ಕ್ರೀಂ ಸ್ವಲ್ಪ ಜಾಸ್ತಿ.

ಹಾಗಾಗಿ ಇದು ಹಡಗಿನ ವಿಮರ್ಶೆ ಅಲ್ಲ. ಹಡಗು ಚೆನ್ನಾಗಿತ್ತು, ಅಷ್ಟು ಸಾಕು. ನಾನು ಹೇಳಹೊರಟಿರುವುದು ದುಡ್ಡು ಕಟ್ಟಿದ ಮೂರು ಜಾಗಗಳ ಬಗ್ಗೆ. ನಮ್ಮೂರಿನ ಒಂದು ಟ್ರಾವೆಲ್ಸ್ ಅಂಗಡಿ, ಒಂದು ಬ್ಯಾಂಕಿನ ಫಾರೆಕ್ಸ್ ಕಾರ್ಡು (ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡು), ಆಮೇಲೆ ಹಡಗಿನ ಬಿಲ್ ಕೌಂಟರು. ಯಾರ ಹೆಸರನ್ನೂ ಹಾಕುವುದಿಲ್ಲ. ಊರು ಸಣ್ಣದು, ನಾಳೆ ಬೆಣ್ಣೆ ದೋಸೆ ತಿನ್ನಲು ಹೋದಾಗ ಎದುರಿಗೇ ಸಿಗುತ್ತಾರೆ.

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲಾಲಿ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬೆಳಗ್ಗೆ ಎರಡು ಗಂಟೆ ಗಾದಿ ಮೇಲೆ ಕೂತು ಅವನಿಗೆ ತಲೆ ತಿಂದು ಮನೆಗೆ ಬರುತ್ತೇನೆ. ಮೂವತ್ತು ವರ್ಷ ಈ ವ್ಯಾಪಾರ ಮಾಡಿದವನಿಗೆ ಕೂಗಿದ ರೇಟಿನ ಮೇಲೆ ನಂಬಿಕೆ ಇರುವುದಿಲ್ಲ. ಜೋಳದಲ್ಲಿ ತೇವ 14 ಪರ್ಸೆಂಟ್ ದಾಟಿದರೆ ಖರೀದಿದಾರ ಕಡಿತ ಹಾಕುತ್ತಾನೆ. ಕ್ವಿಂಟಲ್‌ಗೆ ಇಷ್ಟು ಅಂತ ಬಾಯಲ್ಲಿ ಹೇಳಿದ್ದು ಒಂದು, ರೈತನ ಜೇಬಿಗೆ ಹೋಗಿದ್ದು ಇನ್ನೊಂದು. ಅದಕ್ಕೇ ನಾವು ಕೇಳುವುದು ಒಂದೇ ಪ್ರಶ್ನೆ: ಎಲ್ಲಾ ಕಳೆದು ಕೈಗೆಷ್ಟು?

ಡಾಲರ್ ವಿಷಯದಲ್ಲಿ ಈ ಪ್ರಶ್ನೆಯನ್ನು ಉಲ್ಟಾ ಕೇಳಬೇಕು. ಎಲ್ಲಾ ಸೇರಿ ಕೈಯಿಂದ ಎಷ್ಟು?

ಪ್ರವಾಸದ ಐಡಿಯಾ ನಾದಿನಿಯದ್ದು. ಅವಳೂ ಷಡ್ಡಕರೂ ಶಿವಮೊಗ್ಗದಲ್ಲಿದ್ದಾರೆ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಸಿಂಗಾಪುರಕ್ಕೆ ಬರುವ ನಾಲ್ಕು ರಾತ್ರಿಯ ಹಡಗು. ಡಿಸೆಂಬರ್ ಎರಡನೇ ವಾರ. ‘ಜೋಳದ ಸೀಸನ್ನಲ್ಲಿ ಯಾರಾದರೂ ಊರು ಬಿಡ್ತಾರಾ’ ಅಂತ ನಾನು ಅಂದೆ. ‘ನೀವು ಬಿಟ್ಟರೆ ಸೀಸನ್ ಇನ್ನೂ ಚೆನ್ನಾಗಿ ನಡೆಯುತ್ತೆ ಅಪ್ಪ’ ಅಂತ ಮಗ ಅಂದ. ಅಲ್ಲಿಗೆ ತೀರ್ಮಾನ ಆಯಿತು.

2025ರ ಮೇ ತಿಂಗಳ ಮೂರನೇ ವಾರ ಟ್ರಾವೆಲ್ಸ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಚುರುಕು. ನಮ್ಮಿಬ್ಬರಿಗೆ ಬಾಲ್ಕನಿ ರೂಮು, ಬಂದರಿನ ತೆರಿಗೆ ಎಲ್ಲಾ ಸೇರಿ 1,180 ಡಾಲರ್ ಅಂದ. ಈಗ 300 ಡಾಲರ್ ಮುಂಗಡ, ಉಳಿದ 880 ಹಡಗು ಹೊರಡುವ 90 ದಿನ ಮುಂಚೆ.

‘ರೂಪಾಯಿಯಲ್ಲಿ ಹೇಳಪ್ಪ.’

‘ಆರ್‌ಒಇ ಮೇಲೆ ಅಂಕಲ್. ಕಟ್ಟೋ ದಿನದ ಆರ್‌ಒಇ.’

ಆರ್‌ಒಇ ಅಂದರೆ ಟ್ರಾವೆಲ್ಸ್‌ನವರ ಭಾಷೆಯಲ್ಲಿ ಅವತ್ತಿನ ವಿನಿಮಯ ದರ. ಇದು ಒಳ್ಳೇ ಪಾಠ, ಇಲ್ಲೇ ಹೇಳಿಬಿಡುತ್ತೇನೆ. ಆರ್‌ಒಇ ಅಂತ ಅವರು ಹೇಳುವುದು ಟಿವಿಯಲ್ಲಿ ಬರುವ ರೇಟಲ್ಲ. ಟಿವಿ ರೇಟಿನ ಮೇಲೆ ಅವರ ಅಂಚು, ಅಂದರೆ ಮಾರ್ಜಿನ್, ಕೂಡಿಸಿದ ರೇಟು. ಅವತ್ತು ಡಾಲರ್ ಹೆಚ್ಚುಕಡಿಮೆ 85 ರೂಪಾಯಿ 50 ಪೈಸೆ ಇತ್ತು. ಹುಡುಗ ಹೇಳಿದ್ದು 87. ಒಂದೂವರೆ ರೂಪಾಯಿ ತೇವದ ಕಡಿತ.

ಸರಿಯಾದ ರೇಟು ನಮಗೆ ಹೇಗೆ ಗೊತ್ತಾಗಬೇಕು ಅಂತ ಕೇಳಬಹುದು. ಎಫ್‌ಬಿಐಎಲ್ ಅಂತ ಒಂದು ಸಂಸ್ಥೆ ಇದೆ. ಕೆಲಸದ ದಿನ ಮಧ್ಯಾಹ್ನ ಡಾಲರಿನ ರೆಫರೆನ್ಸ್ ರೇಟ್ ಹಾಕುತ್ತದೆ. 2018ರ ಜುಲೈಗೆ ಮುಂಚೆ ಈ ಕೆಲಸವನ್ನು ರಿಸರ್ವ್ ಬ್ಯಾಂಕೇ ಮಾಡುತ್ತಿತ್ತು. ಮಂಡಿಯ ಬೋರ್ಡ್ ಇದ್ದ ಹಾಗೆ. ಆ ರೇಟಿಗೆ ನಮಗೆ ಯಾರೂ ಡಾಲರ್ ಕೊಡುವುದಿಲ್ಲ. ಆದರೆ ಬೋರ್ಡ್ ನೋಡಿಕೊಂಡು ಹೋದವನ ಮುಂದೆ ಅಂಗಡಿಯವನು ಸ್ವಲ್ಪ ನೆಟ್ಟಗೆ ಕೂರುತ್ತಾನೆ.

‘ಪೂರ್ತಿ 1,180 ಈಗಲೇ ಕಟ್ಟಿಬಿಡಲಾ?’ ಅಂತ ಕೇಳಿದೆ.

‘ಬ್ಯಾಡ ಅಂಕಲ್. ಡಾಲರ್ ಇಳಿತೈತಿ. ಸುಮ್ನೆ ಯಾಕ್ ಈಗ ಕಟ್ತೀರಿ.’

ಅವನನ್ನು ಬೈಯಲು ಮನಸ್ಸಿಲ್ಲ. ಮೇ ಮೊದಲ ವಾರ ಡಾಲರ್ 84ರ ಹತ್ತಿರಕ್ಕೆ ಇಳಿದಿತ್ತು. ನನಗೂ ಆಸೆ ಇತ್ತು. ಜೋಳ ಏರುತ್ತದೆ ಅಂತ ಗೋದಾಮಿನಲ್ಲಿ ಇಟ್ಟುಕೊಂಡು ಕೈಸುಟ್ಟುಕೊಂಡ ರೈತರಿಗೆ ನಾನೇ ಬುದ್ಧಿ ಹೇಳಿದವನು. ಆ ಬುದ್ಧಿ ಅವತ್ತು ಎಲ್ಲಿಗೆ ಹೋಗಿತ್ತೋ. 300 ಡಾಲರಿಗೆ 26,100 ರೂಪಾಯಿ ಕಟ್ಟಿ ಬಂದೆ.

ಆಮೇಲೆ ಏನಾಯಿತು ಅಂತ ಪೇಪರ್ ಓದುವವರಿಗೆ ಗೊತ್ತು. ಆಗಸ್ಟ್ ಕೊನೆಯಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಜಡಿಯಿತು. ಡಾಲರ್ 88 ದಾಟಿತು. ಸೆಪ್ಟೆಂಬರ್ ಎರಡನೇ ವಾರ ಬಾಕಿ ಕಟ್ಟಲು ಹೋದಾಗ ಬೋರ್ಡ್ ರೇಟು 88 ರೂಪಾಯಿ 10 ಪೈಸೆ. ಹುಡುಗ ಹೇಳಿದ್ದು 90 ರೂಪಾಯಿ 40 ಪೈಸೆ.

ಇಲ್ಲಿ ನನಗೆ ಸಿಟ್ಟು ಬಂತು. ರೂಪಾಯಿ ಬಿದ್ದಿದ್ದಕ್ಕಲ್ಲ. ಅದು ಮಳೆ ಇದ್ದ ಹಾಗೆ, ಯಾರ ಮೇಲೆ ಸಿಟ್ಟು ಮಾಡುವುದು? ಅಂಚು ಒಂದೂವರೆಯಿಂದ ಎರಡು ಮೂವತ್ತಕ್ಕೆ ಏರಿದ್ದಕ್ಕೆ. ಡಾಲರ್ ಏರಿದಾಗ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿರುತ್ತಾರೆ. ಆ ಗಲಾಟೆಯಲ್ಲಿ ಅಂಚನ್ನೂ ಎಂಬತ್ತು ಪೈಸೆ ಏರಿಸಿದರೆ ಯಾರು ನೋಡುತ್ತಾರೆ? ಮಂಡಿಯಲ್ಲೂ ಇದೇ ನಡೆಯುತ್ತದೆ. ಮಳೆ ಬಂದ ವಾರ ತೇವದ ಮೀಟರು ಯಾಕೋ ಜಾಸ್ತಿಯೇ ತೋರಿಸುತ್ತದೆ. ನಾವೂ ಸಾಚಾ ಅಲ್ಲ ಬಿಡಿ.

ಫೋನಿನಲ್ಲಿ ರೆಫರೆನ್ಸ್ ರೇಟ್ ತೋರಿಸಿದೆ. ಹುಡುಗ ಒಳಗೆ ಹೋಗಿ ಮಾಲೀಕರನ್ನು ಕೇಳಿ ಬಂದ. 90ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. 880 ಡಾಲರಿಗೆ 79,200 ಆಯಿತು.

ಮನೆಗೆ ಬಂದು ಲೆಕ್ಕ ಬರೆದೆ. ಇದನ್ನು ಬರೆಯುವಾಗ ನನಗೇ ಆಶ್ಚರ್ಯ ಆಯಿತು. ಪೂರ್ತಿ ಹಣ ಮೇ ತಿಂಗಳಲ್ಲೇ 87ರಂತೆ ಕಟ್ಟಿದ್ದರೆ 2,640 ರೂಪಾಯಿ ಉಳಿಯುತ್ತಿತ್ತು. ಅದರಲ್ಲಿ ಡಾಲರ್ ಏರಿದ ಪಾಲು 2,288. ಉಳಿದ 352 ಅಂಚು ಏರಿದ ಪಾಲು. ಆದರೆ ಎರಡೂ ಕಂತಿನಲ್ಲಿ ಅಂಗಡಿಗೆ ಹೋದ ಒಟ್ಟು ಅಂಚು ಎಷ್ಟು ಗೊತ್ತಾ? 2,122 ರೂಪಾಯಿ. ಅಂದರೆ ಅಮೆರಿಕದ ಸುಂಕದಿಂದ ನನಗಾದ ಪೆಟ್ಟು, ನಮ್ಮೂರಿನ ಕೌಂಟರಿನಲ್ಲಿ ಸದ್ದಿಲ್ಲದೆ ಆದ ಪೆಟ್ಟು, ಎರಡೂ ಹತ್ತಿರ ಹತ್ತಿರ ಒಂದೇ. ಮೊದಲನೆಯದಕ್ಕೆ ನಾಲ್ಕು ತಿಂಗಳು ಟಿವಿ ನೋಡಿ ಚಿಂತೆ ಮಾಡಿದ್ದೆ. ಎರಡನೆಯದನ್ನು ಪೆನ್ನು ಹಿಡಿಯುವವರೆಗೆ ನೋಡಿಯೇ ಇರಲಿಲ್ಲ.

ನ್ಯಾಯ ಹೇಳಬೇಕು ಅಂದರೆ ಆ 76 ಸಾವಿರ ಚಿಲ್ಲರೆ ನಾಲ್ಕು ತಿಂಗಳು ಬ್ಯಾಂಕಿನಲ್ಲಿ ನನ್ನ ಹೆಸರಲ್ಲೇ ಇತ್ತು. ಬಡ್ಡಿ ಕಳೆದರೆ ತಡ ಮಾಡಿದ ನಷ್ಟ ಸಾವಿರದ ಆಸುಪಾಸು ಅಷ್ಟೇ. ಜತೆಗೆ, ಮೊದಲೇ ಪೂರ್ತಿ ಕಟ್ಟಿ ಆಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿ ಹೋಗಲು ಆಗದಿದ್ದರೆ ಆ ಹಣ ವಾಪಸ್ ತರಲು ಅಲೆಯಬೇಕು. ಹಾಗಾಗಿ ‘ಎಲ್ಲಾ ಮೊದಲೇ ಕಟ್ಟಿ’ ಅಂತ ನಾನು ಯಾರಿಗೂ ಹೇಳಲಾರೆ. ಅಂಚು ಎಷ್ಟು ಅಂತ ಮೊದಲೇ ಮಾತಾಡಿ, ಕಾಗದದ ಮೇಲೆ ಬರೆಸಿಕೊಳ್ಳಿ ಅಂತ ಹೇಳಬಲ್ಲೆ. ‘ಕಟ್ಟುವ ದಿನದ ರೆಫರೆನ್ಸ್ ರೇಟ್, ಅದರ ಮೇಲೆ ಒಂದೂವರೆ ರೂಪಾಯಿ’ ಎಂದು ಮುಂಗಡದ ರಸೀದಿಯಲ್ಲೇ ಇದ್ದಿದ್ದರೆ ಸೆಪ್ಟೆಂಬರ್‌ನಲ್ಲಿ ಜಗಳವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಇದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ ಇದೆ. ಅದು ರೂಪಾಯಿ ಮೊತ್ತದ ಮೇಲೆ ಬೀಳುತ್ತದೆ. ಅಂದರೆ ಡಾಲರ್ ಏರಿದರೆ ತೆರಿಗೆಯೂ ಏರುತ್ತದೆ, ಅಂಚಿನ ಮೇಲೂ ತೆರಿಗೆ ಕಟ್ಟುತ್ತೀರಿ. ನಮಗೆ ಬಿದ್ದದ್ದು 5,265. ಅದರ ಮೇಲೆ ಟಿಸಿಎಸ್, ಅಂದರೆ ಮಾರುವವರೇ ನಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ನಾವು ಕಟ್ಟಿದಾಗ 5 ಪರ್ಸೆಂಟ್, 5,528 ರೂಪಾಯಿ. ಇದನ್ನು ನೋಡಿ ಷಡ್ಡಕರು ‘ಹಗಲು ದರೋಡೆ’ ಅಂದರು. ಅಲ್ಲ. ಟಿಸಿಎಸ್ ನಮ್ಮ ಹೆಸರಲ್ಲಿ ಸರ್ಕಾರದ ಹತ್ತಿರ ಕೂತಿರುವ ದುಡ್ಡು. ನಮ್ಮದು ಪ್ಯಾನ್ ನಂಬರಿನ ಮೇಲೆ 26ಎಎಸ್ ಅನ್ನುವ ತೆರಿಗೆ ಪಟ್ಟಿಯಲ್ಲಿ ಕಾಣುತ್ತದೆ. ರಿಟರ್ನ್ ಹಾಕುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ಪ್ಯಾನ್ ಕೊಡದಿದ್ದರೆ ಇನ್ನೂ ಜಾಸ್ತಿ ಹಿಡಿಯುತ್ತಾರೆ, ಅದನ್ನು ಮರೆಯಬೇಡಿ. ಹೆಂಡತಿ ಹೆಸರಲ್ಲಿ ಬಿಲ್ ಮಾಡಿಸಿ ರಿಟರ್ನ್ ನಿಮ್ಮ ಹೆಸರಲ್ಲಿ ಹಾಕಿದರೆ ಆ ಹಣ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಪಕ್ಕದ ಅಂಗಡಿಯವರು ಹೀಗೇ ಮಾಡಿಕೊಂಡು ಆಡಿಟರ್ ಹತ್ತಿರ ಬೈಸಿಕೊಂಡರು.

ಟ್ರಾವೆಲ್ಸ್ ಅಂಗಡಿಗೆ ನನ್ನ ಅಂಕ: ಐದಕ್ಕೆ ಮೂರೂವರೆ. ಸಿಂಗಾಪುರದ ವೀಸಾ ಕೆಲಸ ಚೊಕ್ಕ ಮಾಡಿಕೊಟ್ಟರು. ಹಡಗು ಮತ್ತೆ ಸಿಂಗಾಪುರಕ್ಕೇ ಬರುವುದರಿಂದ ಎರಡು ಸಲ ಒಳಗೆ ಹೋಗುವ ವೀಸಾ ಇದೆಯಾ ಅಂತ ಅವರೇ ನೋಡಿದರು. ಫೋನ್ ಮಾಡಿದರೆ ಎತ್ತುತ್ತಾರೆ. ಆ ಎಂಬತ್ತು ಪೈಸೆ ಇಲ್ಲದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಈಗ ಫಾರೆಕ್ಸ್ ಕಾರ್ಡು. ಹಡಗಿನ ಒಳಗಿನ ಅಂಗಡಿಗಳಲ್ಲಿ ನೋಟು ನಡೆಯುವುದಿಲ್ಲ. ರೂಮಿನ ಬೀಗದ ಕಾರ್ಡೇ ಹಣದ ಕಾರ್ಡು. ಕಾಫಿ, ಫೋಟೋ, ವೈಫೈ ಎಲ್ಲಾ ಅದರ ಮೇಲೆ ಬರೆದುಕೊಂಡು ಕೊನೆಯ ದಿನ ಒಟ್ಟು ಬಿಲ್ ಕೊಡುತ್ತಾರೆ. ನಮ್ಮ ಹಡಗು ಹೊರಟದ್ದು ಸಿಂಗಾಪುರದಿಂದ, ಬಿಲ್ಲು ಮಾತ್ರ ಅಮೆರಿಕದ ಡಾಲರಿನಲ್ಲಿ. ಇದನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಸಿಂಗಾಪುರದ ಡಾಲರಿನಲ್ಲೇ ಬಿಲ್ ಮಾಡುವ ಹಡಗುಗಳೂ ಇವೆ. ತಪ್ಪು ಡಾಲರ್ ತುಂಬಿಸಿಕೊಂಡು ಹೋದರೆ ಎರಡೆರಡು ಸಲ ಕಡಿತ.

600 ಡಾಲರ್ ಬೇಕು ಅಂತ ಅಂದಾಜು ಮಾಡಿದೆ. ಈ ಸಲ ಬುದ್ಧಿ ಬಂದಿತ್ತು. ಮಾಲೆಲ್ಲಾ ಒಂದೇ ದಿನ ಮಾರಬಾರದು, ಒಂದೇ ದಿನ ಕೊಳ್ಳಲೂಬಾರದು. ಜುಲೈನಲ್ಲಿ 200 ಡಾಲರ್ ತುಂಬಿಸಿದೆ, ಬ್ಯಾಂಕಿನ ರೇಟು 87 ರೂಪಾಯಿ 20 ಪೈಸೆ. ಅಕ್ಟೋಬರ್‌ನಲ್ಲಿ 200, 89 ರೂಪಾಯಿ 50 ಪೈಸೆಗೆ. ನವೆಂಬರ್ ಕೊನೆಯಲ್ಲಿ 200, 90 ರೂಪಾಯಿ 60 ಪೈಸೆಗೆ. ಸರಾಸರಿ 89 ರೂಪಾಯಿ 10 ಪೈಸೆ. ಡಿಸೆಂಬರ್ ಮೊದಲ ವಾರ ಡಾಲರ್ ಮೊದಲ ಸಲ 90 ದಾಟಿತು. ನಾನು ಗಾದಿ ಮೇಲೆ ಕೂತು ಮೀಸೆ ತಿರುವಿದೆ.

ಮೀಸೆ ತಿರುವಿದ್ದು ಜಾಸ್ತಿ ಹೊತ್ತು ಉಳಿಯಲಿಲ್ಲ. ಮಗ ಸ್ಟೇಟ್‌ಮೆಂಟ್ ತೆಗೆದು ತೋರಿಸಿದ. ಪ್ರತಿ ಸಲ ತುಂಬಿಸಿದಾಗಲೂ ಬ್ಯಾಂಕಿನ ಶುಲ್ಕ 118 ರೂಪಾಯಿ. ಮೇಲೆ ವಿನಿಮಯದ ಜಿಎಸ್‌ಟಿ 45 ರೂಪಾಯಿ. ಈ ಜಿಎಸ್‌ಟಿ ಲೆಕ್ಕ ವಿಚಿತ್ರ. 1 ಲಕ್ಷದವರೆಗೆ ಮೊತ್ತದ 1 ಪರ್ಸೆಂಟನ್ನು ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ 18 ಪರ್ಸೆಂಟ್ ಹಾಕುತ್ತಾರೆ. ಆದರೆ ಸೇವೆಯ ಬೆಲೆ 250ಕ್ಕಿಂತ ಕೆಳಗೆ ಹಿಡಿಯುವುದಿಲ್ಲ. 250ರ 18 ಪರ್ಸೆಂಟ್ ಅಂದರೆ 45. ನಾನು ಹತ್ತು ಡಾಲರ್ ತುಂಬಿಸಿದರೂ 45, 200 ತುಂಬಿಸಿದರೂ 45. ಮೂರು ಸಲಕ್ಕೆ ಎಲ್ಲಾ ಸೇರಿ 489 ರೂಪಾಯಿ ಹೋಯಿತು. ಅದನ್ನೂ ಹಂಚಿದರೆ ನನ್ನ ಡಾಲರು 89 ರೂಪಾಯಿ 91 ಪೈಸೆ. ಹಡಗು ಹತ್ತಿದ ವಾರದ ಬೋರ್ಡ್ ರೇಟಿಗೆ ಸಮ. ಸೋಲಲಿಲ್ಲ, ಗೆಲ್ಲಲೂ ಇಲ್ಲ. 600 ಡಾಲರಿಗೆ ಎರಡು ಸಲ ಸಾಕಿತ್ತು.

ಒಂದು ಲಾಭ ಹೇಳಬೇಕು. ಹೀಗೆ ಕಾರ್ಡಿಗೆ ತುಂಬಿಸುವ ಹಣಕ್ಕೆ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇಲ್ಲ. 2025ರ ಏಪ್ರಿಲ್‌ಗೆ ಮುಂಚೆ ಆ ಮಿತಿ 7 ಲಕ್ಷ ಇತ್ತು. ಟೂರ್ ಪ್ಯಾಕೇಜಿಗೆ ನಾವು ಕಟ್ಟಿದಾಗ ಮೊದಲ ರೂಪಾಯಿಯಿಂದಲೇ ಟಿಸಿಎಸ್. ಆದ್ದರಿಂದ ಅಂಗಡಿಯಲ್ಲಿ ಏನು ಕಟ್ಟಬೇಕು, ಹಡಗಿನಲ್ಲಿ ಏನು ಕಟ್ಟಬೇಕು ಅನ್ನುವುದರಲ್ಲೇ ದುಡ್ಡು ಉಳಿಯುತ್ತದೆ.

ಉದಾಹರಣೆಗೆ ಟಿಪ್ಸ್. ಹಡಗಿನಲ್ಲಿ ಅದು ನಮ್ಮ ಇಷ್ಟದ್ದಲ್ಲ, ಬಿಲ್ಲಿಗೇ ಬರುತ್ತದೆ. ನಮ್ಮದರಲ್ಲಿ ಒಬ್ಬರಿಗೆ ದಿನಕ್ಕೆ 18 ಡಾಲರ್. ಇಬ್ಬರಿಗೆ ನಾಲ್ಕು ದಿನಕ್ಕೆ 144. ‘ಮುಂಚೆನೇ ಕಟ್ಟಿಬಿಡಿ ಅಂಕಲ್, ಅಲ್ಲಿ ತಲೆನೋವಿರಲ್ಲ’ ಅಂದ ಹುಡುಗ. ಅವನ 90 ರೂಪಾಯಿ, ಮೇಲೆ ಜಿಎಸ್‌ಟಿ ಸೇರಿ 13,608 ಆಗುತ್ತಿತ್ತು. ಟಿಸಿಎಸ್ ಬೇರೆ. ನಾನು ಅಲ್ಲೇ ಕಟ್ಟುತ್ತೇನೆ ಅಂದೆ. ಕಾರ್ಡಿನ ಡಾಲರಿನಲ್ಲಿ 12,948ಕ್ಕೆ ಮುಗಿಯಿತು. 660 ರೂಪಾಯಿ ದೊಡ್ಡ ದುಡ್ಡಲ್ಲ. ಆದರೆ ತಲೆನೋವು ಏನೂ ಬರಲಿಲ್ಲ.

ಕಾರ್ಡಿನ ಬಗ್ಗೆ ದೂರು ಬೇರೆ ಇದೆ. ಹಡಗು ಹತ್ತುವಾಗ ಒಂದು ಕಾರ್ಡು ಕೊಡಿ ಅಂತಾರೆ. ನಾನು ಫಾರೆಕ್ಸ್ ಕಾರ್ಡನ್ನೇ ಕೊಟ್ಟೆ. ಅವರು ತಕ್ಷಣ ದುಡ್ಡು ಕಡಿಯುವುದಿಲ್ಲ, ಆದರೆ ಒಂದಷ್ಟು ಮೊತ್ತವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಖರ್ಚು ಏರಿದ ಹಾಗೆ ಇನ್ನಷ್ಟು ಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಇದು ಗೊತ್ತೂ ಆಗುವುದಿಲ್ಲ, ಲಿಮಿಟ್ ಸ್ವಲ್ಪ ಕಮ್ಮಿ ಆಗುತ್ತದೆ ಅಷ್ಟೇ. ನನ್ನದು ನಿಜವಾದ ದುಡ್ಡು. ಕೊನೆಯ ಬಿಲ್ಲು ಬೇರೆಯಾಗಿ ಕಡಿಯಿತು, ಹಿಡಿದಿಟ್ಟ ಮೊತ್ತವೂ ಹಾಗೇ ಉಳಿಯಿತು. ಸಿಂಗಾಪುರದಲ್ಲಿ ಇಳಿದು ಸೆರಂಗೂನ್ ರಸ್ತೆಯ ಅಂಗಡಿಯಲ್ಲಿ ಮೊಮ್ಮಗಳಿಗೆ ಒಂದು ಬ್ಯಾಗ್ ಕೊಳ್ಳಲು ಹೋದರೆ ಕಾರ್ಡು ತಿರಸ್ಕಾರ. ಎಷ್ಟು ಅವಮಾನ ಆಯಿತು ಅಂದರೆ, ಹಿಂದೆ ನಿಂತವರು ತಮಿಳಿನಲ್ಲಿ ಏನೋ ಅಂದದ್ದು ನನಗೇ ಅಂತ ಅನ್ನಿಸಿತು. ಹೆಂಡತಿಯ ಪರ್ಸಿನಲ್ಲಿದ್ದ ನೋಟಿನಿಂದ ಮಾನ ಉಳಿಯಿತು. ಹಿಡಿದಿಟ್ಟ ಹಣ ವಾಪಸ್ ಕಾಣಿಸಿದ್ದು ಒಂಬತ್ತು ದಿನ ಆದ ಮೇಲೆ. ಅಷ್ಟೊತ್ತಿಗೆ ನಾನು ದಾವಣಗೆರೆಯಲ್ಲಿ ಜೋಳದ ಚೀಲ ಎಣಿಸುತ್ತಿದ್ದೆ.

ಇದಕ್ಕೆ ಮದ್ದು ಇದೆ, ನನಗೆ ತಡವಾಗಿ ಗೊತ್ತಾಯಿತು. ಹತ್ತುವಾಗ ಕ್ರೆಡಿಟ್ ಕಾರ್ಡು ತೋರಿಸಿ. ಕೊನೆಯ ರಾತ್ರಿಗೆ ಮುಂಚೆ ಕೌಂಟರಿಗೆ ಹೋಗಿ ಬಿಲ್ಲನ್ನು ಫಾರೆಕ್ಸ್ ಕಾರ್ಡಿನಿಂದಲೋ ಡಾಲರ್ ನೋಟಿನಿಂದಲೋ ತೀರಿಸಿಬಿಡಿ. ಕ್ರೆಡಿಟ್ ಕಾರ್ಡಿಗೆ ಏನೂ ಬೀಳುವುದಿಲ್ಲ.

ಪೆನಾಂಗ್‌ನಲ್ಲಿ ಇನ್ನೊಂದು ಎಡವಟ್ಟು. ಅಲ್ಲಿ ನಡೆಯುವುದು ರಿಂಗಿಟ್. ನನ್ನ ಕಾರ್ಡಿನಲ್ಲಿರುವುದು ಅಮೆರಿಕದ ಡಾಲರ್. ಊಟಕ್ಕೆ ಕಾರ್ಡು ಕೊಟ್ಟೆ. ಡಾಲರಿನಿಂದ ರಿಂಗಿಟ್‌ಗೆ ಬದಲಾಯಿಸಿದ್ದಕ್ಕೆ ಬ್ಯಾಂಕು ಮೂರೂವರೆ ಪರ್ಸೆಂಟ್ ಕಿತ್ತುಕೊಂಡಿತು. ರೂಪಾಯಿ ಡಾಲರ್ ಆಗುವಾಗ ಒಂದು ಕಡಿತ, ಡಾಲರ್ ರಿಂಗಿಟ್ ಆಗುವಾಗ ಇನ್ನೊಂದು. ದುಡ್ಡು ತಿರುಗಿದಷ್ಟೂ ಸವೆಯುತ್ತದೆ. ಷಡ್ಡಕರು ಇಲ್ಲಿ ಗೆದ್ದರು. ಲಿಟ್ಲ್ ಇಂಡಿಯಾ ಬೀದಿಯಲ್ಲಿ ಹಣ ಬದಲಾಯಿಸುವ ಒಂದು ಸಣ್ಣ ಅಂಗಡಿಯಲ್ಲಿ 20 ಡಾಲರ್ ನೋಟು ಕೊಟ್ಟು ರಿಂಗಿಟ್ ತಂದರು. ಒಳ್ಳೇ ರೇಟೇ ಸಿಕ್ಕಿತ್ತು. ಒಂದು ದಿನದ ಊರಿಗೆ ಅಷ್ಟು ನೋಟು ಸಾಕು.

ಈಗ ಷಡ್ಡಕರ 94 ರೂಪಾಯಿ 70 ಪೈಸೆಯ ಕಥೆ.

ಅವರಿಗೆ ಲೆಕ್ಕ ಅಂದರೆ ಅಲರ್ಜಿ. ‘ಅಣ್ಣ, ನಾನು ಕಾರ್ಡ್ ಉಜ್ಜಿದೆ, ಮುಗೀತು’ ಅನ್ನುವವರು. ಒಂದು ಮಟ್ಟಿಗೆ ಅವರೇ ಸುಖಿ. ನಾನು ಡೆಕ್ಕಿನ ಮೇಲೆ ಸಣ್ಣ ನೋಟ್‌ಬುಕ್ಕಿನಲ್ಲಿ ಕಾಫಿ ಲೆಕ್ಕ ಬರೆಯುವಾಗ ಅವರು ಕಾಲು ಚಾಚಿ ಸಮುದ್ರ ನೋಡುತ್ತಿದ್ದರು. ನನ್ನ ಹೆಂಡತಿ ಅವರನ್ನೂ ನನ್ನನ್ನೂ ನೋಡಿ, ‘ರೀ, ಇಲ್ಲಿಗೂ ಆ ಪುಸ್ತಕ ತಂದೀರಾ? ಗಾದಿನೂ ತರಬೇಕಿತ್ತು’ ಅಂದಳು. ಒಂದು ಸೋಡಾಕ್ಕೆ ಸೇವಾ ಶುಲ್ಕ ಸೇರಿ 4 ಡಾಲರ್ 72 ಸೆಂಟ್. 424 ರೂಪಾಯಿ ಅಂತ ನಾನು ಗಟ್ಟಿಯಾಗಿ ಹೇಳಿಬಿಟ್ಟೆ. ನಾದಿನಿ ಗ್ಲಾಸು ಕೆಳಗಿಟ್ಟಳು. ಆಮೇಲೆ ನನಗೆ ಹಡಗಿನಲ್ಲಿ ರೂಪಾಯಿ ಅನ್ನುವ ಮಾತು ಆಡಬಾರದು ಅಂತ ಕಟ್ಟಪ್ಪಣೆ ಆಯಿತು.

ಕೊನೆಯ ಬೆಳಗ್ಗೆ ಅವರ ಬಿಲ್ಲು ಬಂತು. 412 ಡಾಲರ್. ಅದರ ಕೆಳಗೆ ರೂಪಾಯಿಯಲ್ಲಿ 38,563 ಅಂತ ಅಚ್ಚಾಗಿತ್ತು. ‘ನೋಡಿ ಅಣ್ಣ, ಎಷ್ಟು ಅನುಕೂಲ, ನಮ್ಮ ದುಡ್ಡಿನಲ್ಲೇ ಕೊಟ್ಟಿದ್ದಾರೆ’ ಅಂತ ಖುಷಿಪಟ್ಟರು. ನಾನು ಭಾಗಿಸಿ ನೋಡಿದೆ. ಡಾಲರಿಗೆ 93 ರೂಪಾಯಿ 60 ಪೈಸೆ. ಆ ವಾರ ಬೋರ್ಡ್ ರೇಟು 90ರ ಆಸುಪಾಸು.

ಇದಕ್ಕೆ ಡೈನಮಿಕ್ ಕರೆನ್ಸಿ ಕನ್ವರ್ಷನ್ ಅಂತ ದೊಡ್ಡ ಹೆಸರಿದೆ. ಕಾರ್ಡು ಭಾರತದ್ದು ಅಂತ ಯಂತ್ರಕ್ಕೆ ಗೊತ್ತಾಗುತ್ತದೆ. ‘ನಿಮ್ಮ ರೂಪಾಯಿಯಲ್ಲೇ ಕಟ್ಟುತ್ತೀರಾ?’ ಅಂತ ಪ್ರೀತಿಯಿಂದ ಕೇಳುತ್ತದೆ. ಹೂಂ ಅಂದರೆ ರೇಟು ಹಾಕುವುದು ನಮ್ಮ ಬ್ಯಾಂಕಲ್ಲ, ಆ ವ್ಯಾಪಾರಿ ಕಡೆಯವರು. ಹೋಟೆಲು, ಅಂಗಡಿ, ಎಟಿಎಂ ಎಲ್ಲಾ ಕಡೆ ಇದು ಇದೆ. ಹಡಗಿನಲ್ಲಿ ಷಡ್ಡಕರನ್ನು ಕೇಳಿದ್ದು ಮೊದಲ ದಿನ, ಕಾರ್ಡು ನೋಂದಾಯಿಸುವಾಗ, ಸಣ್ಣ ಅಕ್ಷರದ ಒಂದು ಚೌಕದಲ್ಲಿ. ಅವರು ಓದದೆ ಒತ್ತಿದ್ದರು. ನಾನು ಅವರನ್ನು ಕೌಂಟರಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗಿ ನಗುನಗುತ್ತಾ, ನಿನ್ನೆ ರಾತ್ರಿಯೊಳಗೆ ಹೇಳಿದ್ದರೆ ಡಾಲರಿಗೆ ಬದಲಾಯಿಸುತ್ತಿದ್ದೆವು, ಈಗ ಕಾರ್ಡಿಗೆ ಹೋಗಿಬಿಟ್ಟಿದೆ ಅಂದಳು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಊರಿಗೆ ಬಂದ ಮೇಲೆ ಅವರ ಬ್ಯಾಂಕು, ವಿದೇಶದಲ್ಲಿ ರೂಪಾಯಿಯಲ್ಲಿ ಕಟ್ಟಿದ್ದಕ್ಕೇ 1 ಪರ್ಸೆಂಟ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕಿತ್ತು. 455 ರೂಪಾಯಿ. ಒಟ್ಟು 39,018. ಹಾಗೆ ಡಾಲರು 94 ರೂಪಾಯಿ 70 ಪೈಸೆಗೆ ಬಂತು. ಡಾಲರಿನಲ್ಲೇ ಕಟ್ಟಿದ್ದರೆ ಅವರ ಕಾರ್ಡಿನ ಮಾರ್ಕಪ್ (ವಿದೇಶಿ ಹಣದ ಬಿಲ್ಲಿಗೆ ಬ್ಯಾಂಕು ಹಾಕುವ ಅಂಚು) ಮೂರೂವರೆ ಪರ್ಸೆಂಟ್, ಜಿಎಸ್‌ಟಿ ಸೇರಿ 4.13. ಆಗಲೂ 38,611 ಆಗುತ್ತಿತ್ತು. ನನ್ನ ಫಾರೆಕ್ಸ್ ಕಾರ್ಡಿನಿಂದ ಅದೇ 412 ಡಾಲರ್ ಕಟ್ಟಿದ್ದರೆ 37,045. ಹತ್ತಿರ ಹತ್ತಿರ 2 ಸಾವಿರ ವ್ಯತ್ಯಾಸ, ಒಂದು ಚೌಕ ಓದದ್ದಕ್ಕೆ ಮತ್ತು ಒಂದು ಕಾರ್ಡು ಮಾಡಿಸದ್ದಕ್ಕೆ.

ಹಡಗಿನ ಬಿಲ್ ಕೌಂಟರಿಗೆ ಐದಕ್ಕೆ ಎರಡು. ನಗುವಿಗೆ ಒಂದು, ಬಿಲ್ಲಿನಲ್ಲಿ ಒಂದೊಂದು ಕಾಫಿಯನ್ನೂ ಗಂಟೆ ಸಮೇತ ಬರೆದಿದ್ದಕ್ಕೆ ಒಂದು. ನನ್ನ ನೋಟ್‌ಬುಕ್ಕಿಗೂ ಅವರ ಬಿಲ್ಲಿಗೂ ಒಂದು ಸೆಂಟ್ ವ್ಯತ್ಯಾಸ ಇರಲಿಲ್ಲ. 388 ಡಾಲರ್. ಟಿಪ್ಸ್ 144, ಫುಕೆಟ್ ಸುತ್ತಾಟ 124, ವೈಫೈ 52, ಕಾಫಿ ಸೋಡಾ 38, ಫೋಟೋ 30. ಆ 30 ಡಾಲರಿನ ಫೋಟೋದಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಫಾರೆಕ್ಸ್ ಕಾರ್ಡಿಗೆ ಮೂರು. ರೇಟು ಪರವಾಗಿಲ್ಲ, ಹೋಲ್ಡ್ ಮಾಡಿದ್ದನ್ನು ಬಿಡಿಸಲು ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿ ನಾಲ್ಕು ಸಲವೂ ಹಾಡು ಕೇಳಿದೆ.

ಹಳಬರಿಗೆ ನೆನಪಿರಬಹುದು. 1991ರ ಜುಲೈನಲ್ಲಿ ಮೂರು ದಿನದೊಳಗೆ ಎರಡು ಸಲ ರೂಪಾಯಿ ಬೆಲೆ ಇಳಿಸಿದರು. 21 ರೂಪಾಯಿ ಇದ್ದ ಡಾಲರ್ 26ರ ಹತ್ತಿರ ಹೋಯಿತು. ಆಗ ನಾನು ಬೇರೆಯವರ ಅಂಗಡಿಯಲ್ಲಿ ಗುಮಾಸ್ತ. ನಮ್ಮ ಯಜಮಾನರು ಪೇಪರ್ ಮಡಚಿಟ್ಟು, ‘ನಮಗೇನೋ, ನಾವೇನು ಡಾಲರ್ ತಿಂತೀವಾ’ ಅಂದಿದ್ದರು. ಈಗ ಅದೇ ಮಂಡಿಯ ಗುಮಾಸ್ತ ಹಡಗಿನಲ್ಲಿ ಡಾಲರಿನ ಸೋಡಾ ಕುಡಿದು ಬಂದ.

ಷಡ್ಡಕರು ಮುಂದಿನ ಸಲ ಡಾಲರಿನ ಸಹವಾಸವೇ ಬೇಡ ಅಂತಾರೆ. ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೇಲಿಯಾ ಹಡಗಿದೆ, ಟಿಕೆಟ್ಟು ರೂಪಾಯಿಯಲ್ಲಿ, ದೇಶದೊಳಗಿನ ಪ್ರಯಾಣ ಆದ್ದರಿಂದ ಟಿಸಿಎಸ್ ಇಲ್ಲ. ಮಾತು ಸರಿ. ಆದರೆ ನನ್ನ ಕಾರ್ಡಿನಲ್ಲಿ ಇನ್ನೂ 70 ಡಾಲರ್ ಉಳಿದಿದೆ. ಬ್ಯಾಂಕಿಗೆ ವಾಪಸ್ ಕೊಡಲು ಹೋದರೆ 88 ರೂಪಾಯಿ 30 ಪೈಸೆ ಅಂದರು, ಅದರಲ್ಲೂ ಶುಲ್ಕ. 2,000 ಡಾಲರಿನವರೆಗೆ ನಮ್ಮ ಹತ್ತಿರವೇ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ಇಟ್ಟುಕೊಂಡಿದ್ದೇನೆ.

‘ಆ 70 ಡಾಲರ್ ಖರ್ಚು ಮಾಡೋಕಾದರೂ ಇನ್ನೊಂದು ಸಲ ಹೋಗಬೇಕಲ್ವಾ?’ ಅಂತ ಹೆಂಡತಿ ಕೇಳುತ್ತಿದ್ದಾಳೆ. ಟ್ರಾವೆಲ್ಸ್ ಹುಡುಗನಿಗೆ ಅವಳೇ ವಾಟ್ಸಾಪ್ ಮಾಡಿರಬೇಕು. ನಿನ್ನೆ ಮಂಡಿಯಲ್ಲಿ ತೂಕ ಹಾಕಿಸುವಾಗ ನನಗೆ ಮೆಸೇಜ್ ಬಂತು: ‘ಅಂಕಲ್, ಹಾಂಗ್‌ಕಾಂಗ್ ಹಡಗು ಇದೆ. ಆರ್‌ಒಇ ಅಂಚು ಎಷ್ಟು ಅಂತ ಈ ಸಲ ರಸೀದಿ ಮೇಲೇನೇ ಬರೆದುಕೊಡ್ತೀನಿ.’